ನಾಲ್ಕನೇ ಸೀಟು

ಮುಂಬಯಿಯಲ್ಲಿದ್ದೇವೆ ಎಂದು ಹೇಳಿಕೊಳ್ಳುವವರೆಲ್ಲ ಮುಂಬಯಿಯಲ್ಲಿ ಇರುವುದಿಲ್ಲ. ನಾನೂ ಇಲ್ಲ. ರಜೆಯಲ್ಲಿ ಊರಿಗೆ ಹೋದಾಗ ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಹಳಬರು ಹಿಡಿದು ನಿಲ್ಲಿಸಿ, "ಬೊಂಬಾಯಂಗೆ ಎಲ್ಲಿ ಮರಾಯಾ ನೀ ಇಪ್ದ್?" ಎಂದು ಕೇಳುತ್ತಾರೆ. "ಡೊಂಬಿವಲಿ" ಎನ್ನುತ್ತೇನೆ. ಕೇಳಿದವರ ಮುಖ ಕೊಂಚ ಸಪ್ಪಗಾಗುತ್ತದೆ. ದಾದರ್ ಎಂದಿದ್ದರೆ, ಬಾಂದ್ರಾ ಎಂದಿದ್ದರೆ, ಹೋಗಲಿ ಅಂಧೇರಿ ಎಂದಿದ್ದರೂ ಯಾವುದೋ ಸಿನಿಮಾದ ನೆನಪಾದರೂ ಬರುತ್ತಿತ್ತು. ಅವರ ಸಮಾಧಾನಕ್ಕೆಂದು "ಠಾಣೆ ದಾಟಿ ಸ್ವಲ್ಪ ಮುಂದೆ" ಎಂದು ಸೇರಿಸುತ್ತೇನೆ. ಆ 'ಸ್ವಲ್ಪ'ದೊಳಗೆ ನನ್ನ ಆಯುಷ್ಯದ ದೊಡ್ಡ ಪಾಲೊಂದು ಕರಗಿಹೋಗಿದೆ ಎನ್ನುವುದನ್ನು ಮಾತ್ರ ಹೇಳುವುದಿಲ್ಲ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ (ಜನರ ಬಾಯಲ್ಲಿ ಸಿಎಸ್‌ಟಿ) ಡೊಂಬಿವಲಿಗೆ ಹೆಚ್ಚುಕಡಿಮೆ 48 ಕಿಲೋಮೀಟರು. ಅಂದರೆ ಕುಂದಾಪುರದಿಂದ ಹೊರಟು, ಉಡುಪಿ ದಾಟಿ, ಕಟಪಾಡಿ ಮುಟ್ಟಿದ ಹಾಗೆ. ಕಟಪಾಡಿಯಲ್ಲಿ ಮನೆ ಮಾಡಿ ದಿನಾ ಕುಂದಾಪುರದ ಆಫೀಸಿಗೆ ಹೋಗಿಬರುವವನನ್ನು ನಮ್ಮೂರಿನಲ್ಲಿ ಯಾರೂ ಬುದ್ಧಿವಂತ ಎನ್ನಲಾರರು. ಡೊಂಬಿವಲಿಯಲ್ಲಿ ಅವನಿಗೆ ಹೆಣ್ಣು ಕೊಡುತ್ತಾರೆ.

ಕಾಗದಪತ್ರದ ಪ್ರಕಾರವೂ ಡೊಂಬಿವಲಿ ಮುಂಬಯಿಯ ಭಾಗವಲ್ಲ. ಮುಂಬಯಿ ಮಹಾನಗರ ಪ್ರದೇಶ ಎಂಬ ವಿಶಾಲ ಚಪ್ಪರದ ಕೆಳಗೆ ಒಂಬತ್ತು ಮಹಾನಗರಪಾಲಿಕೆಗಳಿವೆ. ಮುಂಬಯಿ, ಠಾಣೆ, ನವಿ ಮುಂಬಯಿ, ಭಿವಂಡಿ, ಉಲ್ಲಾಸನಗರ, ಮೀರಾ-ಭಾಯಂದರ್, ವಸಯಿ-ವಿರಾರ್, ಪನ್ವೇಲ್ ಮತ್ತು ನಮ್ಮ ಕಲ್ಯಾಣ-ಡೊಂಬಿವಲಿ. ಈ ಕೊನೆಯದು 1983ರಲ್ಲಿ ಹುಟ್ಟಿತು. 2011ರ ಜನಗಣತಿಯಲ್ಲಿ ಇದರ ಜನಸಂಖ್ಯೆ 12 ಲಕ್ಷ ದಾಟಿತ್ತು. ಆಮೇಲೆ ಎಣಿಸುವವರು ಬರಲಿಲ್ಲ. ಎಣಿಸಿಕೊಳ್ಳಬೇಕಾದವರು ಮಾತ್ರ ಬರುತ್ತಲೇ ಇದ್ದಾರೆ. ಪಾಲಿಕೆಯ ಹೆಸರಿನಲ್ಲಿ ಕಲ್ಯಾಣ ಮೊದಲು, ಡೊಂಬಿವಲಿ ಆಮೇಲೆ. ಪಾಲಿಕೆಯ ಮುಖ್ಯ ಕಚೇರಿ ಇರುವುದೂ ಕಲ್ಯಾಣದಲ್ಲಿ. ಇದು ಬಸವಣ್ಣನವರ ಕಲ್ಯಾಣವಲ್ಲ ಎಂದು ಬೀದರ್ ಕಡೆಯ ಗೆಳೆಯರಿಗೆ ನಾನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಆದರೆ ಇದೂ ಸಾಮಾನ್ಯ ಕಲ್ಯಾಣವಲ್ಲ. ಕಾನ್ಹೇರಿಯ ಗುಹೆಗಳ ಶಾಸನಗಳಲ್ಲಿ ಇದರ ಹೆಸರಿದೆ, ಸಾವಿರಾರು ವರ್ಷಗಳ ಹಿಂದೆ ಹಡಗುಗಳು ಬಂದು ಹೋಗುತ್ತಿದ್ದ ಬಂದರಿದು. ಅಂಥ ಮುತ್ತಜ್ಜನ ಪಕ್ಕದಲ್ಲಿ ಮನೆ ಕಟ್ಟಿಕೊಂಡ ಡೊಂಬಿವಲಿಗೆ ವಂಶಾವಳಿಯ ವಿಷಯದಲ್ಲಿ ಬಾಯಿ ಬಿಡುವ ಧೈರ್ಯವಿಲ್ಲ. ಅದಕ್ಕೇ ಅದು ವಿದ್ಯೆ, ಸಂಸ್ಕಾರ, ಸಂಸ್ಕೃತಿಯ ಮಾತಾಡುತ್ತದೆ.

ಪಾಲಿಕೆಯ ಗಡಿಯೂ ಒಂದು ಕಡೆ ಕೂತದ್ದಲ್ಲ. ಡೊಂಬಿವಲಿಯ ಸೆರಗಿನ 27 ಹಳ್ಳಿಗಳು 1983ರಲ್ಲಿ ಪಾಲಿಕೆಗೆ ಸೇರಿದವು. ನಮಗಿದು ಬೇಡ ಎಂದು ಜಗಳ ಮಾಡಿ 2002ರಲ್ಲಿ ಹೊರಬಿದ್ದವು. 2015ರಲ್ಲಿ ಮತ್ತೆ ಒಳಗೆ ಬಂದವು. 2020ರಲ್ಲಿ ಅವುಗಳಲ್ಲಿ 18ನ್ನು ಸರ್ಕಾರ ಹೊರಗೆ ಹಾಕಿತು, ಅದೇ ವರ್ಷದ ಕೊನೆಗೆ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಗಂಡನ ಮನೆಗೂ ತವರಿಗೂ ಇಷ್ಟು ಸಲ ಓಡಾಡಿದ ಸೊಸೆಯನ್ನು ನಾನು ನೋಡಿಲ್ಲ. ಪಾಪ, ಹಳ್ಳಿಯವರಿಗೂ ಕಾರಣವಿತ್ತು: ತೆರಿಗೆ ಪಾಲಿಕೆಯ ದರದಲ್ಲಿ, ನಲ್ಲಿಯ ನೀರು ಪಂಚಾಯಿತಿಯ ದರ್ಜೆಯಲ್ಲಿ.

ಮೊದಲು ಇಲ್ಲೆಲ್ಲ ಗದ್ದೆ. ಆಗ್ರಿ ಜನರ ಊರುಗಳು, ಭತ್ತ, ಉಲ್ಲಾಸ ನದಿಯ ಅಳಿವೆಯಲ್ಲಿ ಮೀನು. 1854ರಲ್ಲಿ ಠಾಣೆಯಿಂದ ಕಲ್ಯಾಣಕ್ಕೆ ರೈಲು ಹೋದಾಗ ಅದು ಈ ಗದ್ದೆಗಳನ್ನು ಸೀಳಿಕೊಂಡೇ ಹೋಯಿತು, ಆದರೆ ಇಲ್ಲಿ ನಿಲ್ಲಬೇಕು ಅಂತ ಅದಕ್ಕೆ ಅನ್ನಿಸಲಿಲ್ಲ. ಡೊಂಬಿವಲಿಗೆ ಸ್ಟೇಷನ್ ಆದದ್ದು 1887ರಲ್ಲಿ. ಆಮೇಲೆ ಬಹಳ ಕಾಲ ಇದು ಹವಾ ಬದಲಾವಣೆಗೆ ಹೇಳಿ ಮಾಡಿಸಿದ ಸದ್ದಿಲ್ಲದ ಜಾಗವಾಗಿತ್ತು. ಗಿರ್‌ಗಾಂವ್, ದಾದರ್‌ಗಳ ಚಾಳುಗಳಲ್ಲಿ ಒಂದು ಖೋಲಿಯಲ್ಲಿ ಏಳೆಂಟು ಜನ ಮಲಗುತ್ತಿದ್ದ ಮರಾಠಿ ಮಧ್ಯಮವರ್ಗದ ಸಂಸಾರಗಳಿಗೆ ಇಲ್ಲಿ ಸ್ವಂತ ಮನೆ, ಅಂಗಳದಲ್ಲೊಂದು ತುಳಸಿಕಟ್ಟೆ, ಬಾವಿ ಎಲ್ಲ ಎಟಕುವ ಬೆಲೆಗೆ ಸಿಕ್ಕಿದವು. ಅವರ ಬೆನ್ನಿಗೆ ಗುಜರಾತಿಗಳು, ತಮಿಳರು, ಮಲೆಯಾಳಿಗಳು, ತುಳು-ಕನ್ನಡದ ನಾವು. ಅಂಗಳ ಮೊದಲು ಹೋಯಿತು, ಆಮೇಲೆ ಬಾವಿ. ತುಳಸಿ ಮಾತ್ರ ಪ್ಲಾಸ್ಟಿಕ್ ಕುಂಡದಲ್ಲಿ ಕೂತು ಏಳನೇ ಮಾಳಿಗೆಯ ಕಿಟಕಿಯ ಗ್ರಿಲ್ಲಿಗೆ ಏರಿತು.

ಮನೆಗಳೇನೋ ಬಂದವು, ಕೆಲಸ ಬರಲಿಲ್ಲ. ಊರಿನ ಮುಖ್ಯ ಕತೆ ಇಷ್ಟೇ. ಕೋರ್ಟು, ಬ್ಯಾಂಕುಗಳ ಹೆಡ್ಡಾಫೀಸು, ಮಂತ್ರಾಲಯ ಎಲ್ಲ ಮುಂಬಯಿಯ ದಕ್ಷಿಣದ ತುದಿಯಲ್ಲಿ ಕಾಲುಚಾಚಿ ಕೂತವು. ಜನ ಉತ್ತರಕ್ಕೆ ಸರಿಯುತ್ತ ಹೋದರು. ಬೆಳಿಗ್ಗೆ ಊರಿನ ದುಡಿಯುವ ಜನವೆಲ್ಲ ತೆಂಕಣ ದಿಕ್ಕಿಗೆ, ರಾತ್ರಿ ಬಡಗಣ ದಿಕ್ಕಿಗೆ. ಆದ್ದರಿಂದ ಡೊಂಬಿವಲಿಯ ಜನಸಾಂದ್ರತೆ ಎಷ್ಟು ಎಂದು ಚದರ ಕಿಲೋಮೀಟರಿನ ಲೆಕ್ಕದಲ್ಲಿ ಕೇಳುವುದು ದಂಡ. ಚದರ ಮೀಟರಿನಲ್ಲಿ ಕೇಳಬೇಕು, ಅದೂ ಗಾಡಿಯೊಳಗೆ. ರೈಲ್ವೆಯ ಇಂಜಿನಿಯರುಗಳು ಇದಕ್ಕೆ 'ಸೂಪರ್ ಡೆನ್ಸ್ ಕ್ರಶ್ ಲೋಡ್' ಎಂದು ಹೆಸರಿಟ್ಟಿದ್ದಾರೆ. ಒಂದು ಚದರ ಮೀಟರಿನ ಜಾಗದಲ್ಲಿ 14ರಿಂದ 16 ಮಂದಿ ನಿಂತಿರುವ ಸ್ಥಿತಿ ಅದು. ನಂಬಿಕೆ ಬಾರದಿದ್ದರೆ ಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಮೀಟರಿನ ಚೌಕ ಬರೆದು ನೆಂಟರಿಷ್ಟರನ್ನೆಲ್ಲ ಕರೆದು ನಿಲ್ಲಿಸಿ ನೋಡಿ. ಹತ್ತರ ಮೇಲೆ ಸಂಬಂಧ ಉಳಿಯುವುದು ಕಷ್ಟ.

ನಮ್ಮಲ್ಲಿ ಉಳಿಯುತ್ತದೆ ಮಾತ್ರವಲ್ಲ, ಹುಟ್ಟಿಕೊಳ್ಳುವುದೇ ಅಲ್ಲಿ. ಲೋಕಲ್ ಗಾಡಿಯ ಎರಡನೇ ದರ್ಜೆಯ ಬೆಂಚು ಮೂರು ಜನಕ್ಕೆ ಮಾಡಿದ್ದು. ಆದರೆ ಅದರ ತುದಿಯಲ್ಲಿ, ಬೆಂಚು ಮುಗಿದು ಗಾಳಿ ಶುರುವಾಗುವಲ್ಲಿ, 'ಚೌಥೀ ಸೀಟ್' ಎಂಬುದೊಂದಿದೆ. ಬರಿಗಣ್ಣಿಗೆ ಕಾಣುವುದಿಲ್ಲ. ನಿಂತಿದ್ದವನು ಹತ್ತಿರ ಬಂದು ತುದಿಯಲ್ಲಿ ಕೂತವನ ಭುಜವನ್ನು ಎರಡು ಬೆರಳಲ್ಲಿ ಮುಟ್ಟುತ್ತಾನೆ. ಮಾತಿಲ್ಲ. ತುದಿಯವನು ನಡುವಿನವನನ್ನು ನೋಡುತ್ತಾನೆ, ನಡುವಿನವನು ಕಿಟಕಿಯವನನ್ನು. ಕಿಟಕಿಯವನು ಉಸಿರು ಒಳಗೆಳೆದುಕೊಂಡು ಒಂದಂಗುಲ ಸರಿಯುತ್ತಾನೆ. ಆ ಅಂಗುಲ ಮೂವರನ್ನೂ ಹಾದು ತುದಿಗೆ ಬರುವಷ್ಟರಲ್ಲಿ ಹೇಗೋ ನಾಲ್ಕಂಗುಲವಾಗಿರುತ್ತದೆ. ಬಂದವನು ದೇಹದ ಅರ್ಧವನ್ನು ಅದರ ಮೇಲಿಟ್ಟು, ಉಳಿದರ್ಧವನ್ನು ಒಂದು ಕಾಲಿನ ಬಲದ ಮೇಲೆ ನಡುದಾರಿಯಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಿ ನಿದ್ದೆ ಹೋಗುತ್ತಾನೆ. ಇದನ್ನು ಯಾವ ಕಾಯಿದೆಯೂ ಕೊಟ್ಟದ್ದಲ್ಲ. ಟಿಕೇಟಿನ ಮೇಲೆ ಅಚ್ಚಾಗಿಲ್ಲ. ಆದರೆ ಭುಜ ಮುಟ್ಟಿದವನಿಗೆ ಸರಿಯದೆ ಗಟ್ಟಿಯಾಗಿ ಕೂತವನನ್ನು ಇಡೀ ಡಬ್ಬಿ ಕಸಾಯಿಯನ್ನು ನೋಡಿದ ಹಾಗೆ ನೋಡುತ್ತದೆ. ಮುಂಬಯಿಗೆ ಡೊಂಬಿವಲಿ ಇಂಥದೊಂದು ನಾಲ್ಕನೇ ಸೀಟು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಕೂತಿದ್ದೇವೆ ಎಂದರೆ ಕೂತಿದ್ದೇವೆ. ಇಲ್ಲ ಎಂದರೆ ಇಲ್ಲ.

ಸೀಟಿನ ಉತ್ತರಾಧಿಕಾರಕ್ಕೂ ಪದ್ಧತಿಯಿದೆ. ಒಳಗೆ ಬಂದವನು ಕೂತವರನ್ನೆಲ್ಲ ಸಾಲಾಗಿ ಕೇಳುತ್ತ ಹೋಗುತ್ತಾನೆ: "ಕುಠೆ ಉತರ್‌ಣಾರ್?" ಎಲ್ಲಿ ಇಳಿಯೋದು? ಒಬ್ಬ ಘಾಟ್‌ಕೋಪರ್ ಎನ್ನುತ್ತಾನೆ, ಒಬ್ಬ ಕುರ್ಲಾ. ಠಾಣೆ ಎಂದವನ ಎದುರಿಗೆ ಆಗಲೇ ವಾರಸುದಾರ ನಿಂತಿರುತ್ತಾನೆ. ಸಿಎಸ್‌ಟಿ ಎಂದವನನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಹೀಗೆ ಸೀಟು ಮೊದಲೇ ಬರೆಸಿಟ್ಟುಕೊಂಡವನು ಇಸ್ಪೀಟು ಆಡುವವರ ನಡುವೆ, ಭಜನೆಯವರ ತಾಳದ ನಡುವೆ, ತನ್ನ ಆಸ್ತಿಯ ಮೇಲೆ ಕಣ್ಣಿಟ್ಟು ನಿಂತಿರುತ್ತಾನೆ. ಕೆಲವು ಧೀರರು ಗಾಡಿಗೆ ಎದುರು ಹೋಗುತ್ತಾರೆ. ಕಲ್ಯಾಣದಿಂದ ಹೊರಡುವ ಗಾಡಿಯ ಖಾಲಿ ಡಬ್ಬಿಗೆ ಅದು ಕಲ್ಯಾಣಕ್ಕೆ ಹೋಗುವಾಗಲೇ ಡೊಂಬಿವಲಿಯಲ್ಲಿ ಹತ್ತಿ, ಕಿಟಕಿ ಹಿಡಿದು, ಉತ್ತರಕ್ಕೆ ಹೋಗಿ ದಕ್ಷಿಣಕ್ಕೆ ಬರುತ್ತಾರೆ. ಕಲ್ಯಾಣದವರಿಗೆ ಇದರಿಂದ ಬರುವ ಸಿಟ್ಟು ಶಾಸನಗಳ ಕಾಲದಷ್ಟು ಹಳೆಯದು. ಆದರೆ ಡೊಂಬಿವಲಿಯಿಂದಲೇ ಹೊರಡುವ ಗಾಡಿಗೆ ಠಾಣೆ ಕಡೆಯ ದಿವಾ ಸ್ಟೇಷನ್ನಿನವರು ಇದೇ ಕೆಲಸ ಮಾಡಿದರೆ ನಾವು ನೀತಿ ನಿಯಮಗಳ ಬಗ್ಗೆ ಮಾತಾಡುತ್ತೇವೆ.

2022ರವರೆಗೆ ಫಾಸ್ಟ್ ಲೋಕಲ್‌ಗಳು ಠಾಣೆಯಾಚೆ ಪಾರ್ಸಿಕ್ ಗುಡ್ಡದ ಸುರಂಗದೊಳಗೆ ನುಗ್ಗಿ ಬರುತ್ತಿದ್ದವು. 1916ರಲ್ಲಿ ತೆರೆದ, 1.3 ಕಿಲೋಮೀಟರ್ ಉದ್ದದ ಸುರಂಗ. ಒಳಗೆ ಹೋದ ಕೂಡಲೇ ಮಳೆಗಾಲದಲ್ಲಿ ಬಾಗಿಲಲ್ಲಿ ನಿಂತವರ ತಲೆಯ ಮೇಲೆ ಗುಡ್ಡದ ನೀರು ಸಿಡಿಯುತ್ತಿತ್ತು, ಫೋನು ಸತ್ತುಹೋಗುತ್ತಿತ್ತು, ಆಫೀಸಿನ ಸಾಹೇಬರ ಜೊತೆ ನಡೆಯುತ್ತಿದ್ದ ಕಷ್ಟದ ಸಂಭಾಷಣೆಗಳು ತಾವಾಗಿ ಮುಗಿಯುತ್ತಿದ್ದವು. ಹೊಸ ಹಳಿ ಹಾಕಿದ ಮೇಲೆ ಫಾಸ್ಟ್ ಗಾಡಿಗಳು ಮುಂಬ್ರಾ ಕಡೆಯಿಂದ ತಿರುಗಿ ಬರತೊಡಗಿದವು. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿಯ ತಿರುವಿನಲ್ಲಿ, ಎದುರುಬದುರು ದಾಟಿದ ಎರಡು ಗಾಡಿಗಳ ಬಾಗಿಲಲ್ಲಿ ಜೋತುಬಿದ್ದಿದ್ದವರು ಹಳಿಗೆ ಬಿದ್ದರು. ನಾಲ್ವರು ಅಂದೇ ಸತ್ತರು. ಆಮೇಲೆ ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಹಾಕುತ್ತೇವೆ ಎಂಬ ಪ್ರಕಟಣೆ ಬಂತು. ಬಾಗಿಲು ಹಾಕುವುದು ಸರಿ. ಆದರೆ ಬಾಗಿಲಿನ ಹೊರಗೆ ಜೋತುಬಿದ್ದವರು ಗಾಳಿ ತಿನ್ನಲು ಹೋದವರಲ್ಲ, ಒಳಗೆ ಜಾಗ ಇಲ್ಲದವರು. ಬಾಗಿಲು ಮುಚ್ಚಿದರೆ ಅವರು ನಿಲ್ಲುವುದೆಲ್ಲಿ ಎಂಬುದಕ್ಕೆ ಹೆಚ್ಚು ಗಾಡಿ, ಉದ್ದದ ಗಾಡಿ, ಮನೆಯ ಹತ್ತಿರ ಕೆಲಸ ಇಷ್ಟೇ ಉತ್ತರ. ಇದನ್ನು ಹೇಳಲು ಸಮಿತಿ ಬೇಕಾಗಿಲ್ಲ, ನಾಲ್ಕನೇ ಸೀಟಿನಲ್ಲಿ ಒಂದು ವಾರ ಕೂತರೆ ಸಾಕು.

ಹೆಂಗಸರ ಡಬ್ಬಿಯ ವಿಷಯ ನನಗೆ ಗೊತ್ತಿರುವುದು ಹೆಂಡತಿಯ ಬಾಯಿಂದ. 1992ರಲ್ಲಿ ಇಡೀ ಗಾಡಿಯೇ ಹೆಂಗಸರಿಗೆಂದು 'ಲೇಡೀಸ್ ಸ್ಪೆಷಲ್' ಶುರುವಾಯಿತು. ಅದರಲ್ಲಿ ಹುಟ್ಟುಹಬ್ಬ ಆಗುತ್ತದೆ, ಸೀಮಂತ ಆಗುತ್ತದೆ, ನವರಾತ್ರಿಯ ಒಂಬತ್ತು ದಿನ ಒಂಬತ್ತು ಬಣ್ಣದ ಸೀರೆ ಆಗುತ್ತದೆ. ಸಂಜೆ ಹೊತ್ತು ಮೆಂತ್ಯೆಸೊಪ್ಪು ಬಿಡಿಸುವುದು, ಬಟಾಣಿ ಸುಲಿಯುವುದು, ಗೋರಿಕಾಯಿಯ ನಾರು ತೆಗೆಯುವುದು ಎಲ್ಲ ಗಾಡಿಯಲ್ಲೇ ಮುಗಿಯುತ್ತದೆ. ಮನೆಗೆ ಬಂದು ಒಗ್ಗರಣೆ ಹಾಕಿದರೆ ಆಯಿತು. ಅದಕ್ಕೂ ಕೈಯಾಗದ ದಿನಕ್ಕೆ ಸ್ಟೇಷನ್ನಿನ ಹೊರಗೆ ಚಪಾತಿ-ಪಲ್ಯ ಮಾರುವ ಪೋಳಿ-ಭಾಜಿ ಕೇಂದ್ರ.

ಡೊಂಬಿವಲಿ ಜಗತ್ತಿಗೆ ಏನು ಕೊಟ್ಟಿತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಕೇಂದ್ರಗಳ ಹೆಸರು. ಒಂದು ಪುಟ್ಟ ಅಂಗಡಿ, ಹಿಂದೆ ಮೂರು ನಾಲ್ಕು ಹೆಂಗಸರು, ಎರಡು ದೊಡ್ಡ ತವಾ. ಒಬ್ಬಳು ಲಟ್ಟಿಸುತ್ತಾಳೆ, ಒಬ್ಬಳು ಬೇಯಿಸುತ್ತಾಳೆ, ಮೂರನೆಯವಳು ಬಿಸಿ ಪೋಳಿಯನ್ನು ನಾಲ್ಕು ಮಡಿಕೆ ಮಾಡಿ ಕಾಗದದಲ್ಲಿ ಸುತ್ತುತ್ತಾಳೆ. ಎದುರಿನ ಕಪ್ಪು ಹಲಗೆಯಲ್ಲಿ ಅಂದಿನ ಭಾಜಿಯ ಪಟ್ಟಿ: ಬಟಾಟಾ, ಮೊಳಕೆ ಹೆಸರು, ಭರ್ಲಿ ವಾಂಗಿ. ಸಂಕಷ್ಟಿಯ ದಿನ ಉಕಡೀಚೆ ಮೋದಕ. ಮೊದಲೇ ಹೆಸರು ಬರೆಸದವರು ಖಾಲಿ ಕೈಯಲ್ಲಿ ಮನೆಗೆ ಹೋಗಿ ಗಣಪತಿಯ ಮುಖ ನೋಡಬೇಕು. ಕ್ಯೂನಲ್ಲಿ ಟೈ ಕಟ್ಟಿದವನು, ಡಾಕ್ಟರಮ್ಮ, ಕಾಲೇಜು ಹುಡುಗ ಎಲ್ಲ ಒಂದೇ. "ತಾಯಿ, ಎಂಟು ಪೋಳಿ" ಎನ್ನುತ್ತಾರೆ ತಮಗಿಂತ ಚಿಕ್ಕವಳಿಗೂ. ಇಬ್ಬರೂ ದುಡಿಯುವ ಸಂಸಾರದಲ್ಲಿ ರಾತ್ರಿ ಒಂಬತ್ತಕ್ಕೆ ಯಾರು ಲಟ್ಟಣಿಗೆ ಹಿಡಿಯಬೇಕು ಎಂಬ ಮಹಾಯುದ್ಧವನ್ನು ಈ ಹೆಂಗಸರು ನಿಲ್ಲಿಸಿದ್ದಾರೆ. ಶಾಂತಿ ಪ್ರಶಸ್ತಿಗಳನ್ನು ಎಲ್ಲೆಲ್ಲೋ ಕೊಡುತ್ತಾರೆ.

ಗಾಡಿಗೆ ಹತ್ತುವಾಗ ಹುಲಿಗಳಾಗುವ ಜನ ಇಲ್ಲೇ, ಹತ್ತು ಹೆಜ್ಜೆ ಆಚೆ, ಶೇರ್ ರಿಕ್ಷಾಕ್ಕೆ ನಿಲ್ಲುವಾಗ ಹಸುಗಳಾಗುತ್ತಾರೆ. ಸಾಲು ಮೂಲೆ ತಿರುಗಿ ಮಿಠಾಯಿ ಅಂಗಡಿಯ ಮುಂದೆ ಹೋಗಿದ್ದರೂ ಯಾರೂ ನಡುವೆ ನುಗ್ಗುವುದಿಲ್ಲ. ನುಗ್ಗಿದವನಿಗೆ ಒಬ್ಬ ಕಾಕಾ ಮರಾಠಿಯಲ್ಲಿ ಅಚ್ಚುಕಟ್ಟಾದ ವಾಕ್ಯಗಳಲ್ಲಿ, ಒಂದೂ ಕೆಟ್ಟ ಮಾತಿಲ್ಲದೆ, ಅವನ ಶಾಲೆ ಯಾವುದು ಎಂದು ಕೇಳುತ್ತಾರೆ. ಅವನು ತೆಪ್ಪಗೆ ಹಿಂದೆ ಹೋಗುತ್ತಾನೆ.

ಕಾಕಾಗಳು ಈ ಊರಿನ ಬೆನ್ನೆಲುಬು. ಬರಹಗಾರರಾದ ಪು. ಭಾ. ಭಾವೆ, ಶಂ. ನಾ. ನವರೆ ಇಲ್ಲಿದ್ದವರು. 2017ರ ಫೆಬ್ರುವರಿಯಲ್ಲಿ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನದ 90ನೆಯ ಅಧಿವೇಶನ ಇಲ್ಲೇ ನಡೆಯಿತು. ನಮ್ಮ ಸಮ್ಮೇಳನಗಳಂತೆ ಅಲ್ಲೂ ಊಟದ ಬಗ್ಗೆ ಚರ್ಚೆ ಹೆಚ್ಚು, ಆದರೆ ಪುಸ್ತಕದ ಮಳಿಗೆಯಲ್ಲೂ ನೂಕುನುಗ್ಗಲು. ಪೈ ಫ್ರೆಂಡ್ಸ್ ಲೈಬ್ರರಿಯವರು ನಡೆಸುವ ಪುಸ್ತಕ ವಿನಿಮಯಕ್ಕೆ ಜನ ಚೀಲ ತುಂಬ ಹಳೇ ಪುಸ್ತಕ ತಂದು, ಚೀಲ ತುಂಬ ಬೇರೆಯವರ ಹಳೇ ಪುಸ್ತಕ ಹೊತ್ತುಕೊಂಡು ಹೋಗುತ್ತಾರೆ. ಮನೆಯಲ್ಲಿ ಜಾಗ ಆಗಲಿ ಎಂದು ಹೆಂಡತಿ ಕಳಿಸಿರುತ್ತಾಳೆ. ಜಾಗ ಆಗುವುದಿಲ್ಲ.

ಫಡ್ಕೆ ರೋಡಿನ ತುದಿಗೆ ಗಣೇಶ ಮಂದಿರ. 1924ರಿಂದಿರುವ ಈ ಗುಡಿ ಊರಿನ ಅಂಗಳವೇ ಸರಿ. ಯುಗಾದಿಯ ದಿನ, ಅಂದರೆ ಗುಡಿ ಪಾಡ್ವಾದಂದು, ಹೊಸ ವರ್ಷದ ಸ್ವಾಗತಕ್ಕೆ ಮೆರವಣಿಗೆ ಹೊರಡಿಸುವ ಪದ್ಧತಿಯನ್ನು ಇಲ್ಲಿಯವರು 1999ರಲ್ಲಿ ಶುರುಮಾಡಿದರು. ಈಗ ಮಹಾರಾಷ್ಟ್ರದ ಎಷ್ಟೋ ಊರುಗಳಲ್ಲಿ ಅದೇ ಮೂಗುತಿ, ಅದೇ ಫೇಟಾ, ಬುಲೆಟ್ ಮೇಲೆ ಒಂಬತ್ತು ಗಜದ ಸೀರೆ. ನರಕ ಚತುರ್ದಶಿಯ ಬೆಳಿಗ್ಗೆ ಇದೇ ಫಡ್ಕೆ ರೋಡಿಗೆ ಊರಿನ ಹರೆಯವೆಲ್ಲ ಹೊಸಬಟ್ಟೆ ತೊಟ್ಟು ಬಂದು ನಿಲ್ಲುತ್ತದೆ. ಕಾರ್ಯಕ್ರಮ ಏನೂ ಇಲ್ಲ. ನಿಲ್ಲುವುದೇ ಕಾರ್ಯಕ್ರಮ. ಹೆಸರಿಗೆ ದೇವರ ದರ್ಶನ, ದರ್ಶನ ಯಾರದ್ದಾಗಬೇಕಿತ್ತೋ ಅದು ಆಗುತ್ತದೆ. ಮೊಬೈಲು ಇಲ್ಲದ ಕಾಲದಲ್ಲಿ ಹೀಗೆ ನಿಂತವರು ಈಗ ಅದೇ ರಸ್ತೆಯ ಅಂಗಡಿ ಕಟ್ಟೆಗಳ ಮೇಲೆ ಕೂತು "ಈಗಿನ ಹುಡುಗರಿಗೆ ಕೆಲಸವಿಲ್ಲ" ಎನ್ನುತ್ತಾರೆ.

ನಾವು ಕನ್ನಡದವರು ಈ ಸಂಭ್ರಮದ ಅಂಚಿನಲ್ಲಿದ್ದೇವೆ ಎಂದುಕೊಂಡರೆ ತಪ್ಪು, ನಡುವೆಯೇ ಇದ್ದೇವೆ. ಬೆಳಗಿನ ಇಡ್ಲಿ ನಮ್ಮದು. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥನ ಹೆಸರಿನಲ್ಲಿ ಶಾಲೆ, ಕಾಲೇಜು ನಡೆಸುತ್ತದೆ. ಅಲ್ಲಿ ಕಲಿತವರಲ್ಲಿ ಕನ್ನಡಿಗರಿಗಿಂತ ಬೇರೆಯವರೇ ಹೆಚ್ಚಿರಬಹುದು, ಅದಕ್ಕೆ ನನ್ನ ತಕರಾರಿಲ್ಲ. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳಿಗ್ಗೆ ಮೊದಲ ಲೋಕಲ್ ಹಿಡಿದು ಹೋಟೆಲಿನ ಶಟರ್ ಎತ್ತುವವರನ್ನು ನೋಡಿದ್ದೇನೆ. ಗಾಡಿಯಲ್ಲಿ 'ಕರ್ನಾಟಕ ಮಲ್ಲ' ಪತ್ರಿಕೆಯನ್ನು ನಾಲ್ಕಾಗಿ ಮಡಚಿ, ಒಂದು ಅಂಕಣದಷ್ಟೇ ಅಗಲ ತೆರೆದು ಓದುವ ಕಲೆ ನಮ್ಮವರಿಗೆ ಸಿದ್ಧಿಸಿದೆ. ಹಿಂದೆ ನಿಂತ ಅಪರಿಚಿತ ಭುಜದ ಮೇಲಿಂದ, "ಸ್ವಲ್ಪ ತಡೀರಿ, ಶ್ರದ್ಧಾಂಜಲಿ ನೋಡ್ತಿದ್ದೆ" ಎಂದಾಗ ಮಾತು ಬೆಳೆಯುತ್ತದೆ. "ಊರಲ್ಲಿ ಯಾವ ಬದಿ?" "ಬಾರ್ಕೂರು." "ಹೋಯ್, ನನ್ನ ಅಕ್ಕನ್ನ ಕೊಟ್ಟದ್ದು ಅಲ್ಲಿಗೇ!" ಮುಲುಂಡ್ ಬರುವಷ್ಟರಲ್ಲಿ ದೂರದ ಭಾವನಾಗಿರುತ್ತಾನೆ.

ನಮ್ಮ ಒಂದು ವಿಶೇಷ ಸಂಕಟವನ್ನು ಮಾತ್ರ ಮರಾಠಿಯವರು ಅರಿಯರು. ಊರಿಗೆ ಹೋಗುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕುರ್ಲಾದಿಂದ ಹೊರಟು ಠಾಣೆಯಲ್ಲಿ ನಿಂತು, ದಿವಾದಲ್ಲಿ ಪನ್ವೇಲ್ ಕಡೆಗೆ ಹೊರಳುತ್ತದೆ. ನಮ್ಮ ಮನೆಯ ಮುಂದಿನ ಸ್ಟೇಷನ್ನಿಗೆ ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಅಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ನಾವು ಹಲಸಿನ ಹಪ್ಪಳದ ಖಾಲಿ ಡಬ್ಬ, ಊರ ಮಕ್ಕಳಿಗೆ ಚಾಕೋಲೇಟು, ಅತ್ತಿಗೆಗೆ ಸೀರೆ ಎಲ್ಲ ತುಂಬಿದ ಟ್ರಂಕನ್ನು ಹೊತ್ತು, ಮಂಗಳೂರಿಗೆ ಬೆನ್ನುಹಾಕಿ ಠಾಣೆಗೆ ಹೋಗಿ, ಅಲ್ಲಿ ಹತ್ತಿ, ಬಂದ ದಾರಿಯಲ್ಲೇ ವಾಪಸು ಬಂದು, ಇನ್ನೇನು ಮನೆ ಬಂತು ಎನ್ನುವಾಗ ಬಲಕ್ಕೆ ತಿರುಗಿ ಊರಿಗೆ ಹೋಗುತ್ತೇವೆ. ಬರುವಾಗಲೂ ಅಷ್ಟೇ. ಬೆಳಗಿನ ಜಾವ ದಿವಾದಲ್ಲಿ ಗಾಡಿ ನಿಧಾನವಾದಾಗ ಹೆಂಡತಿ ಎದ್ದು ಕೂತು, "ರೀ, ಹಾಲಿನವನು ಬಂದಿರ್ತಾನೆ" ಎನ್ನುತ್ತಾಳೆ. ಹಾಲಿನವನು ಬಂದು ಹೋಗಿರುತ್ತಾನೆ. ನಾವು ಠಾಣೆಗೆ ಹೋಗಿ ತಿರುಗಿ ಬರಬೇಕು.

ಸಿನಿಮಾದವರಿಗೆ ನಮ್ಮ ಮೇಲೆ ವಿಚಿತ್ರ ಮೋಹ. 2005ರಲ್ಲಿ ನಿಶಿಕಾಂತ್ ಕಾಮತ್ 'ಡೊಂಬಿವಲಿ ಫಾಸ್ಟ್' ಮಾಡಿದರು. ಬ್ಯಾಂಕಿನ ಗುಮಾಸ್ತನೊಬ್ಬ, ಮಾಧವ ಆಪ್ಟೆ, ದಿನಾ ಅದೇ ಗಾಡಿ ಅದೇ ಡಬ್ಬಿ ಎಂದು ಬದುಕುತ್ತ ಬದುಕುತ್ತ ಒಂದು ದಿನ ಸಿಡಿದು, ಸುತ್ತಲಿನ ಅನ್ಯಾಯವನ್ನೆಲ್ಲ ಬ್ಯಾಟು ಹಿಡಿದು ಸರಿಪಡಿಸಲು ಹೊರಡುತ್ತಾನೆ. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ನಮ್ಮ ಕಟ್ಟಡದಲ್ಲಿ ಪ್ರತಿಯೊಬ್ಬನೂ ಅದು ತನ್ನ ಪಕ್ಕದ ಮನೆಯವನ ಕತೆ ಎಂದು ನಂಬಿದ. 2022ರಲ್ಲಿ 'ಝೋಂಬಿವಲಿ' ಬಂತು. ಊರಿನ ತುಂಬ ಸತ್ತು ಎದ್ದವರು ಕೈ ಮುಂದೆ ಚಾಚಿ, ಕಣ್ಣು ಮೇಲೆ ಮಾಡಿ ತೂರಾಡುತ್ತ ನಡೆಯುವ ಕತೆ. ರಾತ್ರಿ ಹನ್ನೊಂದರ ಕರ್ಜತ್ ಗಾಡಿಯಿಂದ ಇಳಿದು ಬರುವವರನ್ನು ನೋಡಿದ ಯಾರಿಗೂ ಅದರಲ್ಲಿ ಹೊಸದೇನೂ ಕಾಣಲಿಲ್ಲ.

ಊರಿನ ಬಣ್ಣದ ವಿಷಯಕ್ಕೆ ಬಂದರೆ ನಗು ನಿಲ್ಲುತ್ತದೆ. ಊರಿನ ಮಗ್ಗುಲಲ್ಲೇ ಎಂಐಡಿಸಿ, ರಾಸಾಯನಿಕ ಕಾರ್ಖಾನೆಗಳ ವಸಾಹತು. ಕಾರ್ಖಾನೆ ಬಂದಾಗ ಸುತ್ತ ಮನೆಗಳಿರಲಿಲ್ಲ; ಮನೆಗಳು ಬಂದಾಗ ನಡುವೆ ಅಂತರ ಇಡಬೇಕೆಂದು ಯಾರಿಗೂ ಹೊಳೆಯಲಿಲ್ಲ, ಹೊಳೆದವರಿಗೆ ಅದರಿಂದ ಲಾಭವಿರಲಿಲ್ಲ. 2014ರ ಜನವರಿಯಲ್ಲಿ ಇಲ್ಲಿ ಹಸಿರು ಮಳೆ ಬಿತ್ತು. 2020ರ ಫೆಬ್ರುವರಿಯಲ್ಲಿ ಒಂದು ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿತು. ಮುಖ್ಯಮಂತ್ರಿಗಳೇ ನೋಡಲು ಬಂದರು. 2016ರ ಮೇ ತಿಂಗಳಲ್ಲಿ ಒಂದು ಸ್ಫೋಟ, 2024ರ ಮೇ ತಿಂಗಳಲ್ಲಿ ಇನ್ನೊಂದು. ಎರಡರಲ್ಲೂ ಜೀವಗಳು ಹೋದವು, ಸುತ್ತಲಿನ ಕಿಟಕಿಗಳ ಗಾಜು ಹೋಯಿತು. ಪ್ರತಿ ಸಲ ಕಾರ್ಖಾನೆಗಳನ್ನು ಬೇರೆಡೆಗೆ ಕಳಿಸುವ ಮಾತು ಬರುತ್ತದೆ. ಮಳೆಗಾಲ ಬಂದರೆ ಹೊಗೆ ಅಡಗುತ್ತದೆ, ಮಾತೂ ಅಡಗುತ್ತದೆ.

2018ರಲ್ಲಿ ಕೇಂದ್ರ ಮಂತ್ರಿ ನಿತಿನ್ ಗಡ್ಕರಿಯವರು ಡೊಂಬಿವಲಿ ತೀರಾ ಕೊಳಕು ಊರು ಎಂದರು. ಊರಿಗೆ ಊರೇ ಕೆರಳಿತು. ನಮ್ಮ ಮೇಲಿನ ಮನೆಯ ಕಾಕಾ, ಪ್ರತಿದಿನ ಬೆಳಿಗ್ಗೆ ಮೆಟ್ಟಿಲು ಇಳಿಯುತ್ತ ಪಾಲಿಕೆಯ ಕಸದ ಗಾಡಿಯನ್ನು ಶಪಿಸುವವರು, ಅಂದು ಮಂತ್ರಿಯವರ ವಿರುದ್ಧ ಎರಡು ಪುಟದ ಪತ್ರ ಬರೆದರು. "ನಾನು ಬೈಯಬಹುದು. ಇಲ್ಲಿ ಮನೆಸಾಲ ತೀರಿಸಿದವನು ನಾನು" ಎಂಬುದು ಅವರ ವಾದ. ಅದಕ್ಕೆ ಎದುರಾಡುವುದು ಕಷ್ಟ.

ಕಾಕಾ ಅವರನ್ನು ನಾನು ಸರಿಯಾಗಿ ಹಗಲು ಹೊತ್ತಿನಲ್ಲಿ ನೋಡಿದ್ದೇ 2020ರ ಮಾರ್ಚಿನ ನಂತರ. ಕೊರೋನಾ ಲಾಕ್‌ಡೌನಿಗೆ ಲೋಕಲ್ ನಿಂತಿತು. ಡೊಂಬಿವಲಿಯ ಗಂಡಸರು ಮೊದಲ ಬಾರಿಗೆ ಬುಧವಾರದ ಮಧ್ಯಾಹ್ನ ಎರಡು ಗಂಟೆಗೆ ತಮ್ಮ ಊರು ಹೇಗಿರುತ್ತದೆ ಎಂದು ಕಂಡರು. ಎದುರಿನ ಮರದಲ್ಲಿ ಹಕ್ಕಿ ಇತ್ತು. ಮೂರನೇ ಮಾಳಿಗೆಯಲ್ಲಿ ಹಾರ್ಮೋನಿಯಂ ಕಲಿಸುತ್ತಿದ್ದರು, ನನಗದು ಗೊತ್ತೇ ಇರಲಿಲ್ಲ. ಕಾಕಾ ಮಾಳಿಗೆಯ ಮೇಲಿಂದ, "ಇಷ್ಟು ವರ್ಷ ಬಾಡಿಗೆ ಇಲ್ಲದ ಲಾಡ್ಜಿನಲ್ಲಿ ಇದ್ದೆವಲ್ಲಪ್ಪ" ಎಂದು ನಕ್ಕರು. ಆದರೆ ತಿಂಗಳು ಕಳೆಯುವಷ್ಟರಲ್ಲಿ ಅವರಿಗೂ ನನಗೂ ಒಂದೇ ಚಡಪಡಿಕೆ. ನಮ್ಮ ಡಬ್ಬಿಯ ಇಸ್ಪೀಟಿನವರು ಎಲ್ಲಿದ್ದಾರೆ? ಭಜನೆಯ ತಾಳದವನು ಹೇಗಿದ್ದಾನೆ? ಅವರ ಯಾರ ಮನೆಯ ವಿಳಾಸವೂ ನಮ್ಮಲ್ಲಿರಲಿಲ್ಲ. ಎಲ್ಲಿ ಇಳಿಯುತ್ತಾರೆ ಎಂಬುದು ಮಾತ್ರ ಗೊತ್ತಿತ್ತು.

ಹಳಿಯ ಆಚೆ ಪಶ್ಚಿಮ, ಈಚೆ ಪೂರ್ವ. ಎರಡನ್ನು ಜೋಡಿಸುವ ಕೋಪರ್ ಸೇತುವೆ 2019ರಲ್ಲಿ ಮುಚ್ಚಿ 2021ರಲ್ಲಿ ಮತ್ತೆ ತೆರೆಯುವವರೆಗೆ ಎದುರು ಕಾಣುವ ಮನೆಗೆ ರಿಕ್ಷಾದಲ್ಲಿ ಹೋಗಲು ಊರು ಸುತ್ತಬೇಕಿತ್ತು. ಪೂರ್ವದವರಿಗೆ ಪಶ್ಚಿಮದಲ್ಲಿ ಏನಿದೆ ಎಂಬ ಕುತೂಹಲವಿಲ್ಲ, ಪಶ್ಚಿಮದವರು ಪೂರ್ವದ ಬಾಡಿಗೆ ಕೇಳಿ ನಿಟ್ಟುಸಿರು ಬಿಡುತ್ತಾರೆ. ಪಶ್ಚಿಮದ ಮೋಠಾಗಾಂವ್‌ನಿಂದ ಅಳಿವೆ ದಾಟಿ ಮಾಣಕೋಲಿಗೆ ಸೇತುವೆಯಾದ ಮೇಲೆ ಅವರಿಗೆ ಠಾಣೆ ಹತ್ತಿರವಾಗಿದೆ, ಈಗ ನಿಟ್ಟುಸಿರು ನಮ್ಮ ಕಡೆಯಿಂದ.

ಬರುವುದಾದರೆ ಬನ್ನಿ. ಭಾನುವಾರ ಬಂದರೆ ಒಳ್ಳೆಯದು, ಆದರೆ ಹಿಂದಿನ ದಿನವೇ ಪತ್ರಿಕೆಯಲ್ಲಿ ಹಳಿ ರಿಪೇರಿಗೆಂದು ಗಾಡಿ ನಿಲ್ಲಿಸುವ ಮೆಗಾ ಬ್ಲಾಕ್ ಯಾವ ಹಳಿಗೆ ಎಂದು ನೋಡಿಕೊಳ್ಳಿ. ಬೆಳಿಗ್ಗೆ ಹೊತ್ತು ನೀವು ಬರುವ ದಿಕ್ಕಿನ ಗಾಡಿ ಖಾಲಿ ಇರುತ್ತದೆ, ಕಿಟಕಿ ಸಿಗುತ್ತದೆ. ಸಂಜೆ ಐದರ ಮೇಲೆ ದಯವಿಟ್ಟು ಬರಬೇಡಿ. ಅಷ್ಟಾಗಿಯೂ ಬಂದರೆ ಬ್ಯಾಗನ್ನು ಎದೆಯ ಮೇಲೆ ಹಾಕಿಕೊಳ್ಳಿ, ಬಾಗಿಲಲ್ಲಿ ಜೋತುಬೀಳಬೇಡಿ, ಆ ಗಾಡಿ ಬಿಟ್ಟು ಮುಂದಿನದು ಹಿಡಿಯಿರಿ. ಊಟ ಆರುವುದಿಲ್ಲ, ಪೋಳಿ ತರುವುದು ನೀವು ಬಂದ ಮೇಲೆಯೇ. ದಿವಾ ಬಿಟ್ಟ ಕೂಡಲೇ ಎದ್ದು ನಿಲ್ಲಿ. ಯಾರಾದರೂ ಎಲ್ಲಿ ಇಳಿಯುವುದೆಂದು ಕೇಳಿದರೆ ನಿಜ ಹೇಳಿ, ಅವರು ನಿಮ್ಮ ಜಾಗಕ್ಕಾಗಿ ಕಾದಿರುತ್ತಾರೆ. ಮತ್ತೆ ಮರೆಯಬೇಡಿ, ಪೂರ್ವಕ್ಕೆ ಇಳಿಯಬೇಕು.